ಮುಖ ಕಾಣದ ದೂರು

ಚಪ್ಪಾಳೆ ಬಿದ್ದಾಗ ಲಿಂತಾಂಗ್‌ಗೆ ನೆನಪಾದದ್ದು ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದದ್ದು. ಗೋಡೆಯ ಮೇಲಿನ ತೆರೆಯಲ್ಲಿ ಹಸಿರು ಗೆರೆಯೊಂದು ಜಾರುಬಂಡೆಯ ಹಾಗೆ ಕೆಳಗಿಳಿದಿತ್ತು. ಅದರ ಬುಡದಲ್ಲಿ ನಲವತ್ತೊಂದು ಎಂಬ ದಪ್ಪ ಅಂಕಿ. ಅವಳು ರೂಪಿಸಿದ ಹೊಸ ದೂರಿನ ಫಾರಂ ಬಂದು ಆರು ತಿಂಗಳಾಗಿತ್ತು, ಅಷ್ಟರಲ್ಲಿ ತೆಮುರಾ ಎಂಬ ವಿಡಿಯೊ ಆ್ಯಪ್‌ಗೆ ಬರುತ್ತಿದ್ದ ದೂರುಗಳು ನೂರಕ್ಕೆ ನಲವತ್ತೊಂದರಷ್ಟು ಕಡಿಮೆಯಾಗಿದ್ದವು. "ನೋಡಿ, ಜವಾಬ್ದಾರಿಯಿಂದ ಮಾಡಿದ ಕೆಲಸ ಅಂದ್ರೆ ಹೀಗಿರುತ್ತೆ. ಜನಕ್ಕೂ ನೆಮ್ಮದಿ, ನಮಗೂ ನೆಮ್ಮದಿ" ಎಂದ ವಿಭಾಗದ ಮುಖ್ಯಸ್ಥ ದಾನಾಂಗ್, ಅವಳ ಕಡೆ ಕೈ ಚಾಚಿ. ಎಲ್ಲರೂ ತಿರುಗಿ ನೋಡಿದರು. ಲಿಂತಾಂಗ್ ನಕ್ಕಳು. ಮುಜುಗರವಾದಾಗ ಗಂಟಲಿನಿಂದ ತಾನಾಗಿ ಹೊರಬೀಳುವ ಆ ಸಣ್ಣ ನಗುವನ್ನು ಮೂವತ್ತೇಳು ವರ್ಷದಲ್ಲಿ ಒಮ್ಮೆಯೂ ಅವಳಿಗೆ ತಡೆಯಲು ಆಗಿರಲಿಲ್ಲ. ಫಾರಂ ತುಂಬಲು ಕೂತು ಅರ್ಧಕ್ಕೇ ಎದ್ದು ಹೋದವರು ಎಷ್ಟು ಜನ ಎನ್ನುವ ಇನ್ನೊಂದು ಅಂಕಿ ಅವಳ ಲ್ಯಾಪ್‌ಟಾಪಿನಲ್ಲೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ತೋರಿಸುತ್ತಿದ್ದೆ ಎಂದು ಹೋದ ವಾರವಿಡೀ ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಮೇಜಿನ ಸುತ್ತ ಕೂತ ಒಂಬತ್ತು ಮುಖಗಳನ್ನು ನೋಡುತ್ತ, ಇವರು ಕೇಳದೇ ಇರಲಿ ಎಂದು ತಾನು ಕಾಯುತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತಾಯಿತು. ಮುಂದಿನ ತಿಂಗಳು ಬಾಂಡುಂಗ್‌ನಲ್ಲಿ ವಿನ್ಯಾಸಕಾರರ ಸಮ್ಮೇಳನದಲ್ಲಿ ಅವಳ ಭಾಷಣವಿತ್ತು. ಅದಕ್ಕೆ 'ಕರುಣೆಯುಳ್ಳ ವಿನ್ಯಾಸ' ಎಂದು ಹೆಸರಿಟ್ಟವನೂ ದಾನಾಂಗನೇ.

ತಿನ್ನಲು ಏನಾದರೂ ತರೋಣವೆಂದು ಲ್ಯಾಪ್‌ಟಾಪಿನ ಚೀಲದ ಸಮೇತ ಕೆಳಗಿಳಿದಳು. ಬಾಗಿಲ ಬಳಿಯ ಸೋಫಾದ ತುದಿಯಲ್ಲಿ ಆ ಹೆಂಗಸು ಇವತ್ತೂ ಕೂತಿದ್ದಳು. ಕಂದು ತಲೆವಸ್ತ್ರ, ಮಡಿಲಲ್ಲಿ ಪ್ಲಾಸ್ಟಿಕ್ಕಿನ ಬುಟ್ಟಿ, ಸೋಫಾ ಕೊಳೆಯಾದೀತೆಂಬಂತೆ ಅರ್ಧ ಮೈ ಮಾತ್ರ ಊರಿದ ಕೂರುವಿಕೆ. ಕಾವಲಿನ ಸಾರ್ಜು, ಅಮ್ಮಾವ್ರೇ ಎನ್ನುವ ಹಾಗೆ ಬು ಎಂದು ಕರೆದು, ಗೊಣಗಿದ: "ಮೂರು ದಿನ ಆಯ್ತು ಬು. ಬೆಳಿಗ್ಗೆ ಬಂದು ಕೂತ್ರೆ ಸಾಯಂಕಾಲಾನೇ ಏಳೋದು. ಫಾರಂ ಓದೋ ಮನುಷ್ಯರನ್ನ ನೋಡ್ಬೇಕಂತೆ. ಎಬ್ಬಿಸೋಕೆ ಹೋದ್ರೆ ನಂಗೇ ಕಡಲೆಬೀಜ ಕೊಡ್ತಾಳೆ." ಆಮೇಲೆ ದನಿ ತಗ್ಗಿಸಿ, ನಿಜವಾಗಿ ತಿಳಿಯಬೇಕೆಂಬ ಆಸೆಯಿಂದ ಕೇಳಿದ: "ಅಲ್ಲಾ ಬು, ಮೇಲ್ಗಡೆ ಅಂಥವರು ಯಾರಾದ್ರೂ ಇದಾರಾ?"

ಅವಳು ಬಾಗಿಲ ಕಡೆ ಹೊರಟಳು. ಆದರೆ ಹೆಂಗಸಿನ ಕೈಯಲ್ಲಿದ್ದ ಫೋನು ಕಣ್ಣಿಗೆ ಬಿತ್ತು, ಅದರಲ್ಲಿನ ತಿಳಿಹಸಿರು ಬಣ್ಣ. ತನ್ನ ಫಾರಮ್ಮಿಗೆಂದು ಆ ಹಸಿರಿಗಾಗಿ ಲಿಂತಾಂಗ್ ಎರಡು ವಾರ ಹುಡುಕಿದ್ದಳು. ಸಂಕಟದಲ್ಲಿರುವವರು ನೋಡಿದರೆ ಉಸಿರು ಸ್ವಲ್ಪ ನಿಧಾನವಾಗಬೇಕು, ಎಳೆಯ ಬಾಳೆಲೆಯ ಒಳಮೈಯ ಹಾಗಿರಬೇಕು ಎಂದು ಹಟ ಹಿಡಿದಿದ್ದಳು. ಈಗ ಅದರ ಬೆಳಕು ಹೆಂಗಸಿನ ಗದ್ದದ ಕೆಳಗೆ ಬಿದ್ದು ಅವಳ ಬಣ್ಣ ಕಾಯಿಲೆಯವರ ಹಾಗೆ ಕಾಣುತ್ತಿತ್ತು. ಯಾಕೆ ಹಾಗೆ ಮಾಡಿದಳೋ, ಕೊರಳಿನ ಗುರುತಿನ ಚೀಟಿಯನ್ನು ತೆಗೆದು ಚೀಲಕ್ಕೆ ಹಾಕಿ ಹೋಗಿ ಅವಳ ಪಕ್ಕ ಕೂತಳು.

"ನೀವೂ ಕಾಯ್ತಿದೀರಾ ಮ್ಬಾಕ್?" ಹೆಂಗಸು ಕೇಳಿದಳು. ಅಕ್ಕ ಎನ್ನುವ ಆ ಮಾತಿನಲ್ಲಿ ಜೊತೆ ಸಿಕ್ಕ ಖುಷಿಯಿತ್ತು.

"ಹ್ಞೂಂ" ಎಂದಳು ಲಿಂತಾಂಗ್.

"ಯಾರಿಗೋಸ್ಕರ?"

"ತಂಗಿಗೆ." ಅವಳಿಗೆ ತಂಗಿ ಇರಲಿಲ್ಲ.

"ನಂದು ಮಗಳು. ಸೆಕಾರ್ ಅಂತ. ನಾನು ಮುರ್ಯಾತಿ, ಬೆಕಾಸಿಯಿಂದ ಬರ್ತೀನಿ." ಬುಟ್ಟಿಯಿಂದ ಬಾಳೆಲೆಯ ಪೊಟ್ಟಣ ತೆಗೆದು ಬಿಚ್ಚಿದಳು. ತೆಂಗಿನಹಾಲಿನ ಅನ್ನ, ಹುದುಗಿಸಿದ ಸೋಯಾಕಾಳಿನ ಟೆಂಪೆ ಕರಿದ ಎರಡು ತುಂಡು, ಮೇಲೆ ಹುರಿದ ಈರುಳ್ಳಿ. ಅನ್ನವನ್ನು ಬೆರಳಿನಿಂದಲೇ ಎರಡು ಪಾಲು ಮಾಡಿ ಒಂದನ್ನು ಇವಳ ಕಡೆ ತಳ್ಳಿದಳು. "ತಿನ್ನಿ. ಕಾಯೋರು ಹಸಿದಿರಬಾರ್ದು, ತಲೆ ಸುತ್ತಿದ್ರೆ ಇವರಿಗೆ ಅದೂ ಒಂದು ನೆಪ ಆಗುತ್ತೆ." ಲಿಂತಾಂಗ್ ತಿಂದಳು. ಈರುಳ್ಳಿ ಬಹಳ ರುಚಿಯಾಗಿತ್ತು. ರುಚಿಯಾಗಿದೆ ಎಂದು ನಾಲಗೆಗೆ ಅನ್ನಿಸಿದ್ದೇ ಒಂದು ತಪ್ಪಿನಂತೆ ಕಂಡಿತು. ಸಾರ್ಜು ದೂರದಿಂದ ಬಾಯಿ ತೆರೆದು ನೋಡುತ್ತಿದ್ದ.

ಊಟ ಮುಗಿದ ಮೇಲೆ ಮುರ್ಯಾತಿ ಫೋನನ್ನು ಒರೆಸಿ ಅವಳ ಕೈಗಿತ್ತಳು. "ಓದಿದೋರ ಹಂಗೆ ಕಾಣ್ತೀರಿ. ಇದನ್ನ ಒಂಚೂರು ತುಂಬಿಕೊಡಿ. ನಾನು ಎಲ್ಲಿ ಒತ್ತಿದ್ರೂ ಧನ್ಯವಾದ ಅಂತ ಬರುತ್ತೆ, ಮುಗಿದೇ ಹೋಗುತ್ತೆ." ಆ ಫಾರಮ್ಮನ್ನು ಲಿಂತಾಂಗ್ ನೂರಾರು ಸಲ ತುಂಬಿದ್ದಳು, ಆದರೆ ಸುಳ್ಳು ಹೆಸರುಗಳಲ್ಲಿ, ಕಾಫಿ ಕುಡಿಯುತ್ತ, ಬೆರಳು ಎಲ್ಲೂ ಎಡವಬಾರದೆಂದು ಪರೀಕ್ಷಿಸುವುದಕ್ಕಾಗಿ. ಮೂರನೆಯ ಪ್ರಶ್ನೆ: ಈ ವಿಡಿಯೊದಲ್ಲಿ ಇರುವವರು ನೀವೇ ಏನು? ಅಲ್ಲ ಎಂದು ಒತ್ತಿದರೆ ಅಲ್ಲಿಗೇ ಮುಗಿಯುತ್ತದೆ. ಹೌದು ಎಂದು ಒತ್ತಿದಳು. ತೆರೆಯ ಮೇಲೊಂದು ಬಿಳಿಯ ವೃತ್ತ ಮೂಡಿತು. ನಿಮ್ಮ ಮುಖವನ್ನು ಇದರೊಳಗೆ ಹಿಡಿಯಿರಿ. ಮುರ್ಯಾತಿ ತಲೆವಸ್ತ್ರ ಸರಿಮಾಡಿಕೊಂಡು, ಗುರುತಿನ ಫೋಟೊ ತೆಗೆಸಿಕೊಳ್ಳುವವರ ಹಾಗೆ ಉಸಿರು ಬಿಗಿಹಿಡಿದು ವೃತ್ತವನ್ನು ನೋಡಿದಳು. ಹೊಂದಿಕೆಯಾಗಲಿಲ್ಲ ಎಂದು ಬಂತು. "ಹೊಂದಲ್ವಂತಾ? ಎಲ್ಲರೂ ನನ್ನ ಮುಖಾನೇ ಅವಳಿಗೆ ಬಂದಿರೋದು ಅಂತಾರೆ."

ಆ ವೃತ್ತ ಬೇಡವೆಂದು ಲಿಂತಾಂಗ್ ಮೂರು ದಿನ ವಾದಿಸಿದ್ದಳು. ಸುಳ್ಳು ದೂರು ನಿಲ್ಲಬೇಕು, ಬಾಕಿ ದೂರುಗಳ ಸಾಲು ಕರಗಬೇಕು ಎಂದು ದಾನಾಂಗ್ ಹೇಳಿದ್ದ; ನಾಲ್ಕನೆಯ ದಿನ ಅವಳು, ಆಗಲಿ, ಆದರೆ ಮಾತುಗಳನ್ನು ನಾನೇ ಬರೆಯುತ್ತೇನೆ, ಮೃದುವಾಗಿರಬೇಕು ಎಂದಿದ್ದಳು. ಗೆದ್ದವಳಂತೆ ಅವತ್ತು ಮನೆಗೆ ಹೋಗಿದ್ದಳು. ಅವಳ ಅಪ್ಪ ಹುಟ್ಟೂರಾದ ಕ್ಲಾತೆನ್‌ನ ವಾರ್ಡ್ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂರುವ ಗುಮಾಸ್ತನಾಗಿದ್ದ. ಶಾಲೆ ಬಿಟ್ಟ ಮೇಲೆ ಅವಳು ಅಲ್ಲೇ ಒಂದು ಸ್ಟೂಲಿನ ಮೇಲೆ ಕಾಯುತ್ತಿದ್ದಳು. ಅಪ್ಪ ಯಾರಿಗೂ ಆಗುವುದಿಲ್ಲ ಎಂದವನಲ್ಲ. ಬರಿಗಾಲಲ್ಲಿ ಬಂದ ಮುದುಕರಿಗೂ ದೊಡ್ಡವರಿಗೆ ಆಡುವ ಜಾವಾ ಭಾಷೆಯಲ್ಲೇ, ಎದೆಯ ಮೇಲೆ ಕೈಯಿಟ್ಟು, ದಯವಿಟ್ಟು ಇನ್ನೊಂದು ದಿನ ಪಾದ ಬೆಳೆಸಬೇಕು ಎನ್ನುತ್ತಿದ್ದ. ಅವರು ನಾಚಿಕೊಂಡು ತಾವೇ ಕ್ಷಮೆ ಕೇಳಿ ಹೋಗುತ್ತಿದ್ದರು. ಅದನ್ನು ಕಂಡು ಅವಳಿಗೆ ಹೆಮ್ಮೆಯಾಗುತ್ತಿತ್ತು. ಅದೇ ಮುದುಕರು ಎಷ್ಟನೆಯ ಸಲ ಬಂದಿದ್ದರು ಎಂದು ಅವಳು ಎಣಿಸಿರಲಿಲ್ಲ.

"ಮಗಳೇ ಎದುರಿಗಿರಬೇಕು" ಎಂದಳು ಲಿಂತಾಂಗ್, ಫೋನು ಹಿಂದಿರುಗಿಸುತ್ತ.

"ಅವಳು ಮನೆ ಬಿಟ್ಟು ಬರಲ್ಲ. ನೀವೇ ಬಂದ್ಬಿಡಿ. ರೈಲಲ್ಲಿ ಮುಕ್ಕಾಲು ಗಂಟೆ ಅಷ್ಟೆ. ನಿಮ್ಮ ತಂಗೀದೂ ಅಲ್ಲೇ ಕೂತು ತುಂಬೋಣ." ಮುರ್ಯಾತಿ ಆಗಲೇ ಬುಟ್ಟಿ ಎತ್ತಿಕೊಂಡಿದ್ದಳು. ಎರಡೂವರೆಗೆ ಇನ್ನೊಂದು ಸಭೆಯಿತ್ತು. ನಾನು ಮೇಲಿನ ಕಚೇರಿಯವಳು ಎಂದು ಹೇಳಲು ಅದು ಸರಿಯಾದ ಗಳಿಗೆಯೂ ಆಗಿತ್ತು. ಗಳಿಗೆ ದಾಟಿತು, ಅವಳು ಬಿಸಿಲಿಗಿಳಿದಳು.

ರೈಲಿನಲ್ಲಿ ಹೆಂಗಸರ ಬೋಗಿ ಅರ್ಧ ಖಾಲಿಯಿತ್ತು. ಮುರ್ಯಾತಿ ಅಲ್ಲಿ ನೀವು ಬಿಟ್ಟು ನೀನು ಎನ್ನತೊಡಗಿದಳು. "ನೀನು ನೋಡ್ದೆ ಇರಲ್ಲ ಮ್ಬಾಕ್, ಇಡೀ ದೇಶ ನೋಡಿದೆ" ಎಂದು ವಿಡಿಯೊ ತೋರಿಸಿದಳು. ಹನ್ನೊಂದು ಸೆಕೆಂಡು. ದಿನಸಿ ಅಂಗಡಿ. ಅಜ್ಜಿಯೊಬ್ಬಳು ಜಾರಿ ಬೀಳುತ್ತಾಳೆ, ಅಕ್ಕಿಯ ಚೀಲ ಒಡೆದು ನೆಲವೆಲ್ಲ ಬೆಳ್ಳಗಾಗುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಬೆನ್ನು ತಿರುಗಿಸಿ ಹೋಗುತ್ತಾಳೆ. ಮೇಲೆ ಬರೆದಿತ್ತು: ಇವಳ ಎದೆಯಲ್ಲಿ ಏನಿದೆ? "ಕುರ್ಚಿ ತರೋಕೆ ಹೋದ್ಲು ಕಣಮ್ಮ. ಹನ್ನೆರಡನೇ ಸೆಕೆಂಡಿಗೆ ಕುರ್ಚಿ ಹಿಡ್ಕೊಂಡು ಓಡಿಬಂದ್ಲು. ಆ ಅಜ್ಜಿ ಆಮೇಲೆ ಮನೆಗೇ ಬಂದು ಇವಳ ಕೈ ಹಿಡ್ಕೊಂಡು ಅತ್ಲು. ಅದನ್ನ ಯಾರೂ ಫೋನಲ್ಲಿ ಹಿಡೀಲಿಲ್ಲ. ಹೆದರಿಕೆ ಆದ್ರೆ ಇವಳಿಗೆ ನಗು ಬರುತ್ತೆ, ಚಿಕ್ಕೋಳಿದ್ದಾಗಿಂದ." ಅಂಗಡಿಯವರು ಅವಳನ್ನು ಎರಡೇ ದಿನದಲ್ಲಿ ಕೆಲಸದಿಂದ ಬಿಡಿಸಿದ್ದರು. ಮೊದಲ ವಿಡಿಯೊ ಹೇಗೋ ಹೋಯಿತು, ಹಾಕಿದವನೇ ಬೇಸತ್ತು ತೆಗೆದ. ಇದು ಪಕ್ಕದ ಮನೆಯವರು ಉಳಿಸಿಟ್ಟುಕೊಂಡಿದ್ದ ಪ್ರತಿ. ಆದರೆ ಯಾರೋ ಆ ನಗುವಿನ ಸದ್ದನ್ನು ಮಾತ್ರ ಕತ್ತರಿಸಿ ಎತ್ತಿಕೊಂಡಿದ್ದರು.

ಮುರ್ಯಾತಿ ಇಷ್ಟು ಹೇಳುವಾಗಲೇ ಎದುರಿನ ಸೀಟಿನಲ್ಲಿ ಶಾಲೆಯ ಹುಡುಗಿಯೊಬ್ಬಳ ಫೋನು ನಕ್ಕಿತು. ಮೂರು ಸಣ್ಣ ಬಿಕ್ಕು, ಕೊನೆಯಲ್ಲೊಂದು ಎಳೆದ ಉಸಿರು. ಹುಡುಗಿ ಬೆರಳು ಸರಿಸಿದಳು. ಬೇರೆ ವಿಡಿಯೊ, ಮತ್ತೆ ಅದೇ ನಗು. ಮುರ್ಯಾತಿ ಬುಟ್ಟಿಯ ಹಿಡಿಕೆಯನ್ನು ನೋಡುತ್ತ ಕೂತಳು, ಯಾರೋ ಮಗಳಿಗೆ ಬೈಯುವುದನ್ನು ಗೋಡೆಯಾಚೆಯಿಂದ ಕೇಳುವವಳ ಹಾಗೆ. ಲಿಂತಾಂಗ್‌ಗೆ ಆ ನಗು ಗೊತ್ತಿತ್ತು. ಗೊತ್ತಿಲ್ಲದವರು ಯಾರು? ಎರಡು ವಾರದ ಹಿಂದೆ ಕಚೇರಿಯ ಗುಂಪಿನಲ್ಲಿ ಚರಂಡಿಗೆ ಬೀಳುವ ಬೆಕ್ಕಿನ ವಿಡಿಯೊಕ್ಕೆ ಇದೇ ನಗು ಅಂಟಿಕೊಂಡು ಬಂದಿತ್ತು. ಬಸ್ಸಿನಲ್ಲಿ ಕೂತು, ಆಯಾಸದಲ್ಲಿ, ಅದರ ಕೆಳಗೆ ಅವಳೂ ಕಣ್ಣೀರು ಬರುವಂತೆ ನಗುವ ಹಳದಿ ಮುಖವನ್ನು ಒತ್ತಿದ್ದಳು.

ಓಣಿ ಎಷ್ಟು ಕಿರಿದಾಗಿತ್ತೆಂದರೆ ಮೋಟಾರ್‌ಬೈಕೊಂದು ಬಂದಾಗ ಇಬ್ಬರೂ ಒಣಹಾಕಿದ ಬಟ್ಟೆಗಳ ನಡುವೆ ನುಗ್ಗಿ ನಿಲ್ಲಬೇಕಾಯಿತು. ಮನೆಯೊಳಗೆ ಸೆಕಾರ್ ಚಾಪೆಯ ಮೇಲೆ ಕೂತು ತಾಯಿಯ ಬೆಳಗಿನ ವ್ಯಾಪಾರಕ್ಕೆ ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಇಪ್ಪತ್ತೆರಡು ಇರಬಹುದು. ಕೂದಲನ್ನು ತಾನೇ ಕತ್ತರಿಸಿಕೊಂಡಿದ್ದಳೆಂದು ಕಾಣುತ್ತದೆ, ಒಂದು ಕಡೆ ಕಿವಿಯ ಮೇಲಕ್ಕೇ ಬಂದಿತ್ತು. "ಇವರ ತಂಗಿಗೂ ನಮ್ಮ ಥರಾನೇ ಆಗಿದೆ. ಓದಿದೋರು. ಫಾರಂ ತುಂಬಿಕೊಡ್ತಾರೆ" ಎಂದು ತಾಯಿ ಹೇಳಿ ಚಹಾಕ್ಕೆ ನೀರಿಡಲು ಹೋದಳು. ಸೆಕಾರ್ ತಲೆಯೆತ್ತದೆ, "ಬೇಕಾಗಿಲ್ಲ. ನಂಗೆ ಬಾಯಿಪಾಠ ಆಗಿದೆ" ಎಂದಳು.

"ಏನು?"

"ಫಾರಂ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ, ಮಗ್ಗಿ ಹೇಳುವ ಮಕ್ಕಳ ಹಾಗೆ. "ನಿಮಗೆ ಹೀಗಾದದ್ದಕ್ಕೆ ನಮ್ಮ ಮನಸ್ಸೂ ನೊಂದಿದೆ. ಅವಸರವಿಲ್ಲ, ನಿಧಾನವಾಗಿ ಹೇಳಿ. ಒಂದು, ನಿಮಗೆ ನೋವಾದದ್ದು ಯಾವುದರಿಂದ? ಮುಖ ತೋರಿಸಿದ್ದರಿಂದ, ಹೆಸರು ಹೇಳಿದ್ದರಿಂದ, ಮನೆ ಎಲ್ಲಿದೆ ಅಂತ ತಿಳಿಸಿದ್ದರಿಂದ. ಒಂದನ್ನ ಆರಿಸಿ." ಈರುಳ್ಳಿಯ ಸಿಪ್ಪೆ ಉದುರಿಸಿದಳು. "ನಗು ಅಂತ ಇರ್ಲಿಲ್ಲ. ಅದಕ್ಕೇ ಮುಖ ಅಂತ ಒತ್ತಿದೆ. ಮೂರನೇದು, ವಿಡಿಯೊದಲ್ಲಿರುವವರು ನೀವೇ ಏನು? ಅಲ್ಲಿರೋದು ಬೆಕ್ಕು. ಅಥವಾ ಯಾರದೋ ಮಗು ಐಸ್‌ಕ್ರೀಂ ಬೀಳಿಸ್ಕೊಂಡಿದ್ದು. ನಾನು ಹೌದು ಅಂತೀನಿ. ಮುಖ ಹಿಡೀರಿ ಅನ್ನುತ್ತೆ, ಹಿಡೀತೀನಿ. ಬೆಕ್ಕಿಗೂ ನಂಗೂ ಹೊಂದಲ್ಲ. ಹಾಗಾದರೆ ಇದು ನಿಮಗೆ ಸಂಬಂಧಿಸಿದ್ದಲ್ಲ, ನಿಮ್ಮ ಕಾಳಜಿಗೆ ಧನ್ಯವಾದ."

ಲಿಂತಾಂಗ್ ನಕ್ಕಳು.

ತಡೆಯಬೇಕೆಂದು ತುಟಿ ಕಚ್ಚಿದರೂ ಅದು ಮೂಗಿನಿಂದ, ಬಾಯಿಯ ಅಂಚಿನಿಂದ ಹೊರಬಿತ್ತು. ಒಳಗೆ ಲೋಟಗಳ ಸದ್ದು ನಿಂತಿತು. ಈಗ ಈ ಹುಡುಗಿ ಚಾಕು ಎಸೆದರೆ ಸರಿ ಎಂದು ಅವಳಿಗೆ ಅನ್ನಿಸಿತು. ಸೆಕಾರ್ ಮೊದಲ ಸಲ ಮುಖವೆತ್ತಿ ಅವಳನ್ನು ನೋಡಿದಳು. ಕೋಪವಿರಲಿಲ್ಲ, ತನ್ನ ಊರಿನವರನ್ನು ದೂರದೇಶದಲ್ಲಿ ಕಂಡಂತೆ ಒಂದು ಬೆರಗಿತ್ತು.

"ನಿಮಗೂ ಹೀಗೇನಾ? ಹೆದರಿಕೆ ಆದ್ರೆ ಬರುತ್ತಾ?"

"ಹ್ಞೂಂ. ನಾಚಿಕೆ ಆದ್ರೂ ಬರುತ್ತೆ."

"ಈಗ ಯಾವುದು?"

ಆ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ಹೊರಗೆ ಯಾರೋ ಕೋಳಿಗಳನ್ನು ಕರೆಯುತ್ತಿದ್ದರು. "ನಾಚಿಕೆ" ಎಂದಳು ಲಿಂತಾಂಗ್. "ನಂಗೆ ತಂಗಿ ಇಲ್ಲ. ನಾನು ಆ ಕಂಪನಿಯವಳು. ನೀನು ಹೇಳಿದ ಫಾರಂ ನಾನೇ ಮಾಡಿದ್ದು. ಮನಸ್ಸು ನೊಂದಿದೆ ಅನ್ನೋ ಮಾತೂ ನಂದೇ."

ಮುರ್ಯಾತಿ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಕೂಗಾಡಲಿಲ್ಲ. ಲೋಟವನ್ನು ತಂದು ಎರಡೂ ಕೈಯಿಂದ, ಬಗ್ಗಿ, ಅತಿಥಿಗೆ ಇಡುವಂತೆ ಲಿಂತಾಂಗ್‌ಳ ಮುಂದಿಟ್ಟಳು. "ತಗೊಳ್ಳಿ ಬು" ಎಂದಳು. "ನಮ್ಮಂಥವರ ಮನೆಗೆ ಬಂದಿರಿ, ದೊಡ್ಡ ಮಾತು. ಚಾಪೆ ಕೊಳೆಯಾಗಿದೆ, ತಪ್ಪು ತಿಳಿಯಬಾರದು." ನೀನು ಹೋಗಿತ್ತು, ಮ್ಬಾಕ್ ಹೋಗಿತ್ತು. ಅದು ಕ್ಲಾತೆನ್‌ನ ಕಿಟಕಿಯಲ್ಲಿ ಅಪ್ಪ ಆಡುತ್ತಿದ್ದ ಭಾಷೆ. ಅದನ್ನು ಈಚೆ ಬದಿಯಲ್ಲಿ ಕೂತು ಕೇಳಿದರೆ ಹೀಗಿರುತ್ತದೆ ಎಂದು ಲಿಂತಾಂಗ್‌ಗೆ ಗೊತ್ತಿರಲಿಲ್ಲ.

ಸೆಕಾರ್ ಮಾತ್ರ ಇನ್ನೂ ಅವಳನ್ನೇ ನೋಡುತ್ತಿದ್ದಳು. "ಆ ಸಾಲು ಬಂದಾಗ ನಾನು ಅತ್ತಿದ್ದೆ. ಅಷ್ಟು ದಿನ ಎಲ್ಲರೂ ಬೈತಿದ್ರಲ್ಲ. ಇದನ್ನ ಬರೆದೋರು ಒಳ್ಳೆಯವರು ಅಂದ್ಕೊಂಡೆ. ಹನ್ನೆರಡು ಸಲ ಬರೆದೆ. ಓದಿದ್ರಾ?"

"ಇಲ್ಲ."

"ಬೇರೆ ಯಾರು ಓದ್ತಾರೆ?"

"ಮುಖ ಹೊಂದಿದ್ರೆ ಒಬ್ರು ಓದ್ತಾರೆ. ಹೊಂದದೇ ಇದ್ರೆ..." ಅವಳಿಗೆ ಮೃದುವಾದ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು. "ಯಾರೂ ಓದಲ್ಲ. ಅಳಿಸಿಹೋಗುತ್ತೆ."

ಅವಳು ಫೋನು ತೆಗೆದಳು. ದಾನಾಂಗ್‌ನಿಂದ ಆರು ಕರೆ ಬಂದಿದ್ದವು. ಅಲ್ಲೇ, ಅವರಿಬ್ಬರ ಎದುರಿಗೇ, ಜೋರಾಗಿ ಕೇಳುವಂತೆ ಇಟ್ಟು ಕರೆ ಮಾಡಿದಳು.

"ಊಟಕ್ಕೆ ಅಂತ ಹೋದವಳು ಎಲ್ಲಿದೀಯ ಮಾರಾಯ್ತಿ?"

"ಬೆಕಾಸಿಯಲ್ಲಿ, ಮಾಸ್" ಎಂದಳು, ಅಣ್ಣ ಎಂದು ಕರೆಯುವ ಕಚೇರಿಯ ರೂಢಿಯಲ್ಲೇ.

"ಬೆಕಾಸಿಯಲ್ಲಾ? ಅಲ್ಲಿ ಊಟ ಅಷ್ಟು ಚೆನ್ನಾಗಿರುತ್ತಾ?"

ಅವಳು ಹೇಳಿದಳು. ಆ ನಗುವಿನ ಸದ್ದನ್ನು ಇವತ್ತೇ ತೆಗೆಯಬೇಕು ಎಂದಳು. ಆ ಕಡೆ ಕುರ್ಚಿ ಕಿರುಗುಟ್ಟಿತು. "ಲಿಂತಾಂಗ್, ಅರವತ್ತು ಸಾವಿರ ಜನ ಅದನ್ನ ಹಾಕ್ಕೊಂಡಿದಾರೆ. ಈ ತಿಂಗಳು ಅದಕ್ಕಿಂತ ಓಡಿದ್ದು ಯಾವುದೂ ಇಲ್ಲ. ಒಬ್ಬರಿಗೆ ಅಂತ ತೆಗೆದ್ರೆ ನಾಳೆ ಸಾವಿರ ಜನ ಬಂದು ಕೆಳಗೆ ಕೂರ್ತಾರೆ, ಸಾರ್ಜು ಒಬ್ಬನೇ ಏನ್ ಮಾಡ್ತಾನೆ? ಅಲ್ಲದೆ ಮುಖ ಕಾಣಲ್ಲ ಅಂತೀಯ. ಮುಖ ಕಾಣಲ್ಲ ಅಂದ್ರೆ ದೂರು ಇಲ್ಲ. ನಿನ್ನ ನಿಯಮವೇ."

"ನನ್ನ ನಿಯಮ ಅಲ್ಲ. ನಾನು ಬೇಡ ಅಂದಿದ್ದೆ."

"ಅಕ್ಷರ ನಿಂದು" ಎಂದ ದಾನಾಂಗ್. ಕೆಟ್ಟ ಮನುಷ್ಯನಲ್ಲ, ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಹಣ್ಣು ತಂದಿದ್ದ. "ಬಾ, ಮುಂದಿನ ಮೂರು ತಿಂಗಳ ಕೆಲಸದ ಪಟ್ಟಿಗೆ ಸೇರಿಸೋಣ. ಧ್ವನಿ ಅಂತ ಒಂದು ಆಯ್ಕೆ. ಬಾಂಡುಂಗ್‌ನಲ್ಲಿ ಹೇಳೋಕೂ ಚೆನ್ನಾಗಿರುತ್ತೆ."

ಕರೆ ಮುಗಿಯಿತು. ಲಿಂತಾಂಗ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಈರುಳ್ಳಿಯ ಬುಟ್ಟಿಯ ಪಕ್ಕದಲ್ಲಿ ನೆಲದ ಮೇಲೆ ತೆರೆದಳು. ಪರೀಕ್ಷೆಗೆಂದು ಅವಳಿಗೆ ಕೊಟ್ಟಿದ್ದ ಬೀಗದ ಕೈಯಂಥ ಒಂದು ವಿಶೇಷ ಪ್ರವೇಶವಿತ್ತು. ಅದರಿಂದ ಯಾವ ಸದ್ದನ್ನಾದರೂ, ಯಾವ ಚಿತ್ರವನ್ನಾದರೂ ಮುಚ್ಚಬಹುದು. ನಿಜವಾದ ಜನರ ಮೇಲೆ ಬಳಸಿದರೆ ಕೆಲಸ ಹೋಗುತ್ತದೆ ಎಂದು ಸಹಿ ಹಾಕಿಸಿಕೊಂಡಿದ್ದರು. ಆರು ವರ್ಷದ ಕೆಲಸ. ಯಾವ ಶೌರ್ಯವೂ ಅವಳಲ್ಲಿ ಏಳಲಿಲ್ಲ. ಆ ಚಹಾವನ್ನು ಕುಡಿಯಲೂ ಆಗದೆ ಬಿಡಲೂ ಆಗದೆ ಕೂತಿದ್ದವಳಿಗೆ ಕೈಗೊಂದು ಕೆಲಸ ಬೇಕಿತ್ತು, ಅಷ್ಟೆ. ಒತ್ತಿದಳು. ಸೆಕಾರ್ ತನ್ನ ಫೋನಿನಲ್ಲಿ ಬೆಕ್ಕನ್ನು ತೆರೆದಳು. ಬೆಕ್ಕು ಸದ್ದಿಲ್ಲದೆ ಚರಂಡಿಗೆ ಬಿತ್ತು. ಮಗು ಸದ್ದಿಲ್ಲದೆ ಐಸ್‌ಕ್ರೀಂ ಬೀಳಿಸಿಕೊಂಡಿತು. ಹುಡುಗಿ ಒಂದಾದ ಮೇಲೊಂದು ಸರಿಸುತ್ತ ಹೋದಳು, ಅವಳ ಭುಜಗಳು ನಿಧಾನವಾಗಿ ಕೆಳಗಿಳಿದವು. ಮುರ್ಯಾತಿ ಬಂದು ಮಗಳ ಹಿಂದೆ ಕೂತು ಅವಳ ಬೆನ್ನಿಗೆ ಅಂಗೈ ಒತ್ತಿದಳು. ಹತ್ತು ನಿಮಿಷವಿರಬಹುದು, ಆ ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು.

ಆಮೇಲೆ ಫೋನು ನಕ್ಕಿತು.

ಯಾರೋ ಹಿಂದೆಯೇ ಅದನ್ನು ತಮ್ಮ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಈಗ ಬೇರೆ ಹೆಸರಿಟ್ಟು ಹಾಕಿದ್ದರು. 'ಇದನ್ನು ಅಳಿಸಿದ್ದಾರೆ, ಬೇಗ ಉಳಿಸಿಕೊಳ್ಳಿ' ಎಂಬ ಸಾಲು. ಲಿಂತಾಂಗ್ ಮುಚ್ಚಿದಳು. ಇನ್ನೊಂದು ಬಂತು, ಸ್ವಲ್ಪ ವೇಗ ಹೆಚ್ಚಿಸಿ ಇಲಿಯ ದನಿ ಮಾಡಿದ್ದು. ಮುಚ್ಚಿದಳು. "ಇದೂ ನಾನೇ" ಎನ್ನುತ್ತಿದ್ದಳು ಸೆಕಾರ್, ಒಂದೊಂದನ್ನೇ ತೋರಿಸುತ್ತ, "ಇದೂ ನಾನೇ." ಏಳೋ ಎಂಟೋ ಆದ ಮೇಲೆ ಲ್ಯಾಪ್‌ಟಾಪಿನ ತೆರೆ ಬೆಳ್ಳಗಾಗಿ, ನಿಮಗೆ ಪ್ರವೇಶವಿಲ್ಲ ಎಂದಿತು. ಜೊತೆಗೇ ದಾನಾಂಗ್‌ನ ಸಂದೇಶ: ನಾಳೆ ಹತ್ತಕ್ಕೆ ಬಾ. ಲ್ಯಾಪ್‌ಟಾಪ್, ಗುರುತಿನ ಚೀಟಿ ಎರಡನ್ನೂ ತಾ. ಯಾಕೆ ಹೀಗೆ ಮಾಡಿದೆ?

"ಆಯ್ತಾ?" ಮುರ್ಯಾತಿ ಕೇಳಿದಳು.

"ಇಲ್ಲ. ಇನ್ನು ನನ್ನ ಕೈಲಿ ಆಗಲ್ಲ."

"ರೈಲಿಗೆ ಹೊತ್ತಾಗುತ್ತೆ ಬು" ಎಂದಳು ಮುರ್ಯಾತಿ, ಅದೇ ನಯದಲ್ಲಿ. ಲಿಂತಾಂಗ್ ಏಳಲು ನೋಡಿದಳು. ಕಾಲು ಜೋಮು ಹಿಡಿದಿತ್ತು, ಗೋಡೆಗೆ ಕೈ ಕೊಡಬೇಕಾಯಿತು. ಯಾರೂ ಕೈ ಚಾಚಲಿಲ್ಲ. ಚಪ್ಪಲಿ ಮೆಟ್ಟಲು ಬಗ್ಗಿದಾಗ ಸೆಕಾರ್ ಎದ್ದು ಕಪಾಟಿನ ಮೇಲಿಂದ ಒಂದು ಪುಸ್ತಕ ತಂದಳು. ರಟ್ಟಿನ ಮೇಲೆ ಮೊಲದ ಚಿತ್ರವಿದ್ದ, ಮಕ್ಕಳು ಶಾಲೆಯಲ್ಲಿ ಬಳಸುವ ಗೆರೆಪುಸ್ತಕ.

"ಫೋನಲ್ಲಿ ಅಳಿಸಿಹೋಗ್ತಿತ್ತಲ್ಲ. ಮೊದ್ಲು ಇದರಲ್ಲಿ ಬರ್ಕೊಂಡು ಆಮೇಲೆ ಅಲ್ಲಿ ಒತ್ತುತ್ತಿದ್ದೆ. ಹನ್ನೆರಡೂ ಇದೆ. ಓದಿ. ಉತ್ತರ ಬರೀರಿ, ಒಂದೊಂದಕ್ಕೂ." ಅವಳು ಪೆನ್ನನ್ನೂ ಹಿಡಿದಿದ್ದಳು.

"ಬಿಡೇ ಮಗಳೇ, ಅವರು ಹೊರಟಿದಾರೆ" ಎಂದಳು ತಾಯಿ.

"ಹೋಗ್ಲಿ. ಬರೆದು ಹೋಗ್ಲಿ."

ಲಿಂತಾಂಗ್ ಚಪ್ಪಲಿ ಬಿಟ್ಟು ಮತ್ತೆ ಚಾಪೆಯ ಮೇಲೆ ಕೂತಳು. ಐದು ತಿಂಗಳ ಹಿಂದಿನ ತಾರೀಕಿದ್ದ ಮೊದಲನೆಯ ದೂರು ಮೂರು ಪುಟ. ಸಲಾಂ ಹೇಳಿ, ನಿಮ್ಮ ಹೊತ್ತು ಹಾಳು ಮಾಡುತ್ತಿರುವುದಕ್ಕೆ ಕ್ಷಮೆ ಕೇಳಿ, ನಿಮ್ಮ ಮನೆಯವರೆಲ್ಲ ಆರೋಗ್ಯವಾಗಿರಲಿ ಎಂದು ಹಾರೈಸಿ ಶುರುವಾಗಿತ್ತು. ಅಜ್ಜಿಯ ಹೆಸರು, ಅಕ್ಕಿಯ ಚೀಲದ ತೂಕ, ಕುರ್ಚಿ ಎಲ್ಲಿತ್ತು, ಅಲ್ಲಿಗೆ ಎಷ್ಟು ಹೆಜ್ಜೆ ಎಲ್ಲವೂ ಇತ್ತು. ಎರಡನೆಯದೂ ಅದೇ, ಕಾಗುಣಿತ ತಿದ್ದಿದ್ದು. ತಪ್ಪಿದ್ದುದರಿಂದ ಓದಲಿಲ್ಲವೇನೋ ಎಂದು ಹುಡುಗಿ ಅಂಚಿನಲ್ಲಿ ಬರೆದುಕೊಂಡಿದ್ದಳು. ನಾಲ್ಕನೆಯದರಲ್ಲಿ ಅಜ್ಜಿಯ ಹೆಸರಿರಲಿಲ್ಲ, ಉದ್ದವಾದರೆ ಬೇಸರವಾದೀತೆಂದು. ಏಳನೆಯದು ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ್ದು. ಒಂಬತ್ತನೆಯದರಲ್ಲಿ ಅವಳು ತಪ್ಪು ಒಪ್ಪಿಕೊಂಡಿದ್ದಳು: ನಾನು ನಗಬಾರದಿತ್ತು, ನನ್ನನ್ನು ಕ್ಷಮಿಸಿ, ಇನ್ನು ನಗುವುದಿಲ್ಲ. ಅದನ್ನು ಓದುವಾಗ ಲಿಂತಾಂಗ್ ತಲೆ ಎತ್ತಲಿಲ್ಲ. ಎದುರಿಗೆ ಈರುಳ್ಳಿ ಸುಲಿಯುವ ಸದ್ದು ಮತ್ತೆ ಶುರುವಾಗಿತ್ತು, ಒಂದು, ಇನ್ನೊಂದು.

ಉತ್ತರಕ್ಕೆಂದು ಮೊದಲ ದೂರಿನ ಕೆಳಗೆ ಪೆನ್ನಿಟ್ಟಳು. ಕೈ ತಾನಾಗಿ ಓಡಿತು: ನಿಮಗೆ ಹೀಗಾದದ್ದಕ್ಕೆ ನಮ್ಮ. ಅಲ್ಲಿಗೆ ನಿಲ್ಲಿಸಿ ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದಳು. ಓಣಿಯ ಮಸೀದಿಯಲ್ಲಿ ಸಂಜೆಯ ಕರೆ ಶುರುವಾಗಿ ಮುಗಿಯಿತು, ಮುರ್ಯಾತಿ ನಮಾಜಿಗೆ ಹೋಗಿ ಬಂದಳು, ದೀಪ ಹಾಕಿದಳು. ಹೊಡೆದುಹಾಕಿದ ಸಾಲಿನ ಕೆಳಗೆ ಲಿಂತಾಂಗ್ ತನ್ನ ಪೂರ್ತಿ ಹೆಸರು ಬರೆದಳು, ತಾನು ಮಾಡಿದ ಕೆಲಸ ಯಾವುದು ಎಂದು ಬರೆದಳು, ಇದನ್ನು ಓದಲು ಐದು ತಿಂಗಳಾಯಿತು ಎಂದು ಬರೆದಳು. ಮುಂದಿನದಕ್ಕೂ ಬರೆದಳು. ಪ್ರತಿಯೊಂದಕ್ಕೂ ಉತ್ತರ ಚಿಕ್ಕದಾಗುತ್ತ ಬಂತು, ದೂರುಗಳ ಹಾಗೆಯೇ. ಹತ್ತನೆಯದರಲ್ಲಿ ನಾಲ್ಕು ಸಾಲಿತ್ತು. ಹನ್ನೊಂದನೆಯದರಲ್ಲಿ ಎರಡು.

ಹನ್ನೆರಡನೆಯ ಪುಟದಲ್ಲಿ ಸಲಾಂ ಇರಲಿಲ್ಲ, ಹೆಸರಿರಲಿಲ್ಲ. ನಡುವೆ ಒಂದೇ ಸಾಲು ಬರೆದಿತ್ತು: ಅಲ್ಲಿ ಯಾರಾದರೂ ಇದ್ದೀರಾ?

ಹುಡುಗಿ ಚಾಕು ಕೆಳಗಿಟ್ಟು ಕಾಯುತ್ತಿದ್ದಳು. ಲಿಂತಾಂಗ್ ಬರೆದಳು: ಇದ್ದೆ.